ಖರ್ಚಿನ ಪುಸ್ತಕದ ಹಿಂದಿನ ಹಾಳೆಗಳು

ನನ್ನ ಬೀರುವಿನಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಮುಂದಿನಿಂದ ತೆರೆದರೆ ಮುಸುಕಿನ ಜೋಳದ ಹಿಟ್ಟು, ಸೋಪು, ಸೀಮೆಎಣ್ಣೆ, ಸೊಳ್ಳೆಪರದೆ, ಎಲ್ಲಕ್ಕೂ ತಾಂಜಾನಿಯಾದ ಶಿಲ್ಲಿಂಗಿನಲ್ಲಿ ಲೆಕ್ಕ. ಮಗುಚಿ ಹಿಂದಿನಿಂದ ತೆರೆದರೆ ಬೇರೆಯೇ ಬರಹ.

2017ರ ಜುಲೈನಿಂದ 2019ರ ಡಿಸೆಂಬರ್‌ವರೆಗೆ ನಾನು ವಿಕ್ಟೋರಿಯಾ ಸರೋವರದ ಪಶ್ಚಿಮ ದಡದಲ್ಲಿರುವ ಬುಕೋಬಾ ಪಟ್ಟಣದ ಹತ್ತಿರ, ಬಾಳೆತೋಟಗಳ ನಡುವಿನ ಹಳ್ಳಿಯೊಂದರಲ್ಲಿದ್ದೆ. ಅಲ್ಲಿನ ಕ್ರೈಸ್ತ ಸಭೆಯವರು ನಡೆಸುವ ಮಕ್ಕಳ ಮನೆ. ಮೂರರಿಂದ ಒಂಬತ್ತು ವರ್ಷದ 26 ಮಕ್ಕಳು. ಅದಕ್ಕೂ ಮೊದಲು ಕೊಳ್ಳೇಗಾಲದಲ್ಲಿ 11 ವರ್ಷ ನರ್ಸರಿ ಟೀಚರ್, ಭಾನುವಾರ ಸಂಡೇ ಸ್ಕೂಲು. ತಾಂಜಾನಿಯಾದಲ್ಲಿ ಏಡ್ಸ್ ಮೊದಲು ಗುರುತಾದದ್ದು 1983ರಲ್ಲಿ, ಬುಕೋಬಾ ಇರುವ ಈ ಕಗೇರಾ ಪ್ರಾಂತ್ಯದಲ್ಲೇ. ನಮ್ಮ ಮಕ್ಕಳಲ್ಲಿ ಕೆಲವರ ಅಪ್ಪ ಅಮ್ಮಂದಿರೇ ಅಪ್ಪ ಅಮ್ಮ ಇಲ್ಲದೆ ಅಜ್ಜಿಯ ಕೈಯಲ್ಲಿ ಬೆಳೆದವರು.

ಹಣ ಕಳಿಸುವವರಿಗೆ ತಿಂಗಳಿಗೊಂದು ವರದಿ ಹೋಗಬೇಕಿತ್ತು. ಎಷ್ಟು ಮಕ್ಕಳು ಎಷ್ಟು ಬೈಬಲ್ ವಚನ ಬಾಯಿಪಾಠ ಮಾಡಿದರು, ತೂಕ ಎಷ್ಟು ಏರಿತು, ಜೊತೆಗೆ ಫೋಟೋ. ಫೋಟೋದಲ್ಲಿ ಮಕ್ಕಳು ಸ್ವಲ್ಪ ಬಾಡಿದಂತಿದ್ದರೆ ಒಳ್ಳೆಯದು ಎಂಬ ಸೂಚನೆಯೂ ಒಮ್ಮೆ ಬಂತು. ನಾನು ಮುಂದಿನ ತಿಂಗಳಿನಿಂದ ಮಕ್ಕಳ ಬೆನ್ನಿನ ಕಡೆಯಿಂದ ಫೋಟೋ ತೆಗೆದು ಕಳಿಸಿದೆ. ಮೂರು ತಿಂಗಳ ವರದಿ ಒಟ್ಟಿಗೆ ಓದಿಕೊಂಡಾಗ, ಇದನ್ನು ಕೊಳ್ಳೇಗಾಲದಲ್ಲಿ ಕೂತೇ ಬರೆಯಬಹುದಿತ್ತಲ್ಲ ಅನ್ನಿಸಿತು. ಆವತ್ತು ರಾತ್ರಿ ಲೆಕ್ಕದ ಪುಸ್ತಕವನ್ನು ತಿರುಗಿಸಿ, ವರದಿಗೆ ಹೋಗದ್ದನ್ನು ಬರೆಯತೊಡಗಿದೆ. ನಾನೇ ಹಾಕಿಕೊಂಡ ಕಟ್ಟಳೆ ಒಂದೇ: ನಾನು ಕೊಟ್ಟದ್ದನ್ನು ಬರೆಯುವಂತಿಲ್ಲ, ನನಗೆ ಸಿಕ್ಕಿದ್ದನ್ನು ಬರೆಯಬೇಕು.

ಮೊದಲು ಬರೆದದ್ದು ನಾನು ಪೆದ್ದಿಯಾದ ಕತೆ. ಹೋದ ಹೊಸದರಲ್ಲಿ ಮೇಟ್ರನ್ ಅಮ್ಮ "ನಾಳೆ ಸಾ ಮ್ಬಿಲಿಗೆ ಬನ್ನಿ, ಮಕ್ಕಳು ಕಾಯುತ್ತಿರುತ್ತಾರೆ" ಅಂದರು. ಸಾ ಮ್ಬಿಲಿ ಅಂದರೆ ಎರಡು ಗಂಟೆ. ಅಷ್ಟು ಸ್ವಾಹಿಲಿ ಕಲಿತೇ ಹೋಗಿದ್ದೆ. ಬೆಳಿಗ್ಗೆ ಬಟ್ಟೆ ಒಗೆದು, ಊಟ ಮಾಡಿ, ಮಧ್ಯಾಹ್ನ ಎರಡಕ್ಕೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹೋದರೆ ಮಕ್ಕಳೆಲ್ಲ ಮಲಗಿದ್ದಾರೆ. ಸ್ವಾಹಿಲಿಯವರ ಗಂಟೆ ಶುರುವಾಗುವುದು ಹೊತ್ತು ಹುಟ್ಟಿದ ಮೇಲೆ. ನಮ್ಮ ಏಳು ಅವರ ಒಂದು, ನಮ್ಮ ಎಂಟು ಅವರ ಎರಡು. ಬೆಳಿಗ್ಗೆ ಎಂಟಕ್ಕೆ ನನಗಾಗಿ ಹಾಡು ಕಲಿತು ಸಾಲಾಗಿ ನಿಂತಿದ್ದರಂತೆ. ಅಡುಗೆಯ ಅಜ್ಜಿಯನ್ನು ಎಲ್ಲರೂ ಬಿಬಿ ಅನ್ನುತ್ತಿದ್ದರು; ಸ್ವಾಹಿಲಿಯಲ್ಲಿ ಬಿಬಿ ಅಂದರೆ ಅಜ್ಜಿಯೇ. ಬಿಬಿ ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕರು.

ಆದರೆ ಈ ಗಡಿಯಾರ ನನಗೆ ಇನ್ನೊಂದು ಬಾಗಿಲು ತೆರೆಯಿತು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ದ್ರಾಕ್ಷೆತೋಟದ ಕೂಲಿಯಾಳುಗಳ ಸಾಮ್ಯದ ಕತೆ ಇದೆಯಲ್ಲ, ಕೆಲಸ ಸಿಗದೆ ನಿಂತವರನ್ನು ಯಜಮಾನ ಹನ್ನೊಂದನೆಯ ತಾಸಿನಲ್ಲೂ ತೋಟಕ್ಕೆ ಕರೆಯುವುದು, ಅದನ್ನು ಕೊಳ್ಳೇಗಾಲದಲ್ಲಿ ಪ್ರತಿವರ್ಷ ಹೇಳುವಾಗ ಬೋರ್ಡಿನ ಮೇಲೆ ಎರಡು ಗಡಿಯಾರ ಬರೆಯುತ್ತಿದ್ದೆ. "ಹನ್ನೊಂದನೆಯ ತಾಸು ಅಂದ್ರೆ ನಮ್ಮ ಸಾಯಂಕಾಲ ಐದು ಕಣ್ರೋ" ಅಂತ ವಿವರಿಸುವಷ್ಟರಲ್ಲಿ ಅರ್ಧ ಮಕ್ಕಳ ಗಮನ ಕಿಟಕಿಯಾಚೆ ಹೋಗಿರುತ್ತಿತ್ತು. ಇಲ್ಲೂ ಎರಡು ಗಡಿಯಾರ ಬರೆದುಕೊಂಡು ಸಿದ್ಧಳಾಗಿಯೇ ಹೋದೆ. ಸ್ವಾಹಿಲಿ ಬೈಬಲಿನಲ್ಲಿ "ಸಾ ಕುಮಿ ನಾ ಮೋಜಾ", ಹನ್ನೊಂದು ಗಂಟೆ, ಅಂತ ಓದಿ, ವಿವರಿಸೋಣ ಎಂದು ತಲೆ ಎತ್ತಿದರೆ ಯಾರ ಮುಖದಲ್ಲೂ ಪ್ರಶ್ನೆಯಿಲ್ಲ. ಹನ್ನೊಂದು ಅಂದರೆ ಅವರಿಗೆ ಸಂಜೆಯ ಐದೇ, ಕೆರೆಯಿಂದ ನೀರು ತರುವ ಹೊತ್ತು. ಯೇಸುವಿನ ಕಾಲದ ಗಡಿಯಾರ ಈ ಮಕ್ಕಳ ಬಾಯಲ್ಲಿ ಇನ್ನೂ ನಡೆಯುತ್ತಿತ್ತು. ಅರ್ಥವಾಗದೆ ಉಳಿದವಳು ನಾನೊಬ್ಬಳೇ. ಎಂಟು ವರ್ಷದ ಹುಡುಗನೊಬ್ಬ ಕೇಳಿದ ಪ್ರಶ್ನೆ ಬೇರೆ: "ಅಷ್ಟು ಹೊತ್ತೂ ಕೆಲಸ ಸಿಗದೆ ನಿಂತಿದ್ದನಲ್ಲ, ಅವನು ಮಧ್ಯಾಹ್ನ ಏನು ತಿಂದ?" 11 ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ. ಉತ್ತರ ಈಗಲೂ ಇಲ್ಲ.

ಪುಸ್ತಕದಲ್ಲಿ ಹೆಚ್ಚು ಪುಟ ತಿಂದಿರುವುದು ಫುಂಜಾ. ಮಣ್ಣಿನ ನೆಲದಲ್ಲಿರುವ ಒಂದು ಬಗೆಯ ಚಿಗಟ. ಹೆಣ್ಣು ಚಿಗಟ ಕಾಲ್ಬೆರಳಿನ ಚರ್ಮದೊಳಗೆ ಕೊರೆದು ಕೂತು, ಮೊಟ್ಟೆ ತುಂಬಿಕೊಂಡು ಬಟಾಣಿ ಕಾಳಿನಷ್ಟು ಊದಿಕೊಳ್ಳುತ್ತದೆ. ತೆಗೆಯದಿದ್ದರೆ ಕೀವಾಗಿ ನಡೆಯಲಾಗುವುದಿಲ್ಲ. ಶನಿವಾರ ಬೆಳಿಗ್ಗೆ ಬೇಸಿನ್ನಿನಲ್ಲಿ ಸೋಪುನೀರು ಹಾಕಿ ಕಾಲು ನೆನೆಸಿ, ಸೂಜಿಯಿಂದ ಸುತ್ತಲಿನ ಚರ್ಮ ಬಿಡಿಸಿ, ಚೀಲ ಒಡೆಯದಂತೆ ಇಡಿಯಾಗಿ ಎತ್ತಿ, ಔಷಧಿ ಹಚ್ಚಬೇಕು. ಒಂದು ಮಗುವಿಗೆ ಬಳಸಿದ ಸೂಜಿ ಇನ್ನೊಂದಕ್ಕೆ ಖಂಡಿತ ಬಳಸುವಂತಿಲ್ಲ. ಮೊದಲ ವಾರ ನನಗೆ ಹೊಟ್ಟೆ ತೊಳಸಿತು. ಬಿಬಿ ಪಕ್ಕದಲ್ಲಿ ಕೂತು ಕಲಿಸಿದರು.

ನೋವು ಮರೆಸಲು ಕನ್ನಡದಲ್ಲಿ ಎಣಿಸತೊಡಗಿದೆ. ಒಂದು ಹೊರಬಂದರೆ "ಒಂದು", ಇನ್ನೊಂದಕ್ಕೆ "ಎರಡು". ಮಕ್ಕಳೂ ಜೊತೆಗೆ ಕೂಗುತ್ತಿದ್ದರು. ಒಬ್ಬ ಹುಡುಗನ ಎರಡೂ ಕಾಲಿನಿಂದ ಒಂದೇ ದಿನ 14 ತೆಗೆದೆವು. ಆವತ್ತು ಇಡೀ ಮನೆಗೆ ಹದಿನಾಲ್ಕರವರೆಗೆ ಬಂತು. ಅದೇ ದಾಖಲೆ, ಅಲ್ಲಿಂದ ಮುಂದಿನ ಅಂಕಿ ಯಾರಿಗೂ ಬೇಕಾಗಲಿಲ್ಲ. ಕೆಲವು ವಾರ ಕಳೆದ ಮೇಲೆ ಅಂಗಳದಲ್ಲಿ ಪುಟ್ಟ ಹುಡುಗಿಯೊಬ್ಬಳು ಎಡವಿ ಬಿದ್ದಳು. ಅಲ್ಲಿ ಯಾರು ಬಿದ್ದರೂ ಸುತ್ತಲಿದ್ದವರು "ಪೋಲೆ" ಅನ್ನುತ್ತಾರೆ, ನಮ್ಮ "ಅಯ್ಯೋ ಪಾಪ" ಇದ್ದ ಹಾಗೆ. ಜೊತೆಯ ಹುಡುಗ ಓಡಿಬಂದು ಅವಳ ಮಂಡಿ ಹಿಡಿದು "ಪೋಲೆ, ಪೋಲೆ" ಅಂದು, ಆಮೇಲೆ ಗಂಭೀರವಾಗಿ "ಒಂದು, ಎರಡು, ಮೂರು" ಅಂದ. ಅವರ ಪಾಲಿಗೆ ಅವು ಅಂಕಿಗಳಲ್ಲ, ನೋವಿಗೆ ಹಚ್ಚುವ ಮಾತುಗಳು. ತಿದ್ದಬೇಕು ಅನ್ನಿಸಲಿಲ್ಲ.

ಬೆಂಗಳೂರಿನಿಂದ ಹೊತ್ತುಕೊಂಡು ಹೋಗಿದ್ದ ಮೂರು ಫುಟ್‌ಬಾಲ್ ಎರಡು ವಾರಕ್ಕೆ ಮುಳ್ಳಿಗೆ ಸಿಕ್ಕಿ ಸತ್ತವು. ಮಕ್ಕಳಿಗೇನೂ ಬೇಸರವಿಲ್ಲ. ಪ್ಲಾಸ್ಟಿಕ್ ಚೀಲಗಳನ್ನು ಉಂಡೆ ಮಾಡಿ, ಮೇಲೆ ಒಣಗಿದ ಬಾಳೆಪಟ್ಟೆ ಸುತ್ತಿ, ನಾರಿನಿಂದ ಬಿಗಿದು ತಮ್ಮ ಹಳೆಯ ಚೆಂಡಿಗೇ ಮರಳಿದರು. 2019ರ ಜೂನ್ 1ರಂದು ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದಾಗ ನಮ್ಮ ಆಟಗಾರರು ಚಿಂತೆಗೆ ಬಿದ್ದರು. ಆಮೇಲೆ ಒಳಗೂ ಹೊರಗೂ ಬಾಳೆಯೇ. ನಾನು ಕಟ್ಟಿದ ಚೆಂಡು ಎರಡು ಒದೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಳ್ಳದ ಮೊದಲ ಚೆಂಡಿನ ತಾರೀಕು ಬರೆದಿಟ್ಟಿದ್ದೇನೆ.

ಊಟದ ಬಗ್ಗೆ ಹೆದರಿಕೊಂಡು ಹೋಗಿದ್ದೆ, ಸುಮ್ಮನೆ. ಅವರ ಉಗಾಲಿ ಬಿಳಿಯ ಮುದ್ದೆ, ಅವರ ಮ್ಚಿಚಾ ನಮ್ಮ ದಂಟಿನ ಸೊಪ್ಪು, ಮಕ್ಕಳ ಬೆಳಗಿನ ಗಂಜಿಗೆ ಉಲೇಜಿ. ಉಲೇಜಿ ಅಂದರೆ ರಾಗಿ! ಒಂದು ದಿನ ನಾನೇ ಒಲೆಯ ಮುಂದೆ ಕೂತು ರಾಗಿಮುದ್ದೆ ಮಾಡಿದೆ. ತಟ್ಟೆ ನೋಡಿದ ಹುಡುಗಿ "ಉಗಾಲಿ ಮಣ್ಣಿಗೆ ಬಿತ್ತಾ?" ಅಂದಳು. ಅಗಿಯದೆ ನುಂಗಬೇಕು ಅಂತ ತೋರಿಸಿದ್ದೇ ತಡ, ನುಂಗುವ ಪಂದ್ಯ ಶುರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಅಲ್ಲಿಂದ ನಮ್ಮ ಕಡೆಗೆ ಬಂದದ್ದು ಅಂತ ಬಿಬಿಗೆ ಹೇಳಿದೆ. "ಮತ್ತೆ ನಿನ್ನನ್ನು ಸಾಕಿದ್ದು ನಾವೇ" ಅಂದು ಪಾತ್ರೆ ಬಳಿಯತೊಡಗಿದರು.

ನವೆಂಬರ್ ಮಳೆಯ ರಾತ್ರಿಗಳಲ್ಲಿ ಸೆನೆನೆ ಬರುತ್ತವೆ. ಹಸಿರು ಮಿಡತೆಗಳು, ದೀಪಕ್ಕೆ ಮುತ್ತುವುದು ರಾಶಿ ರಾಶಿ. ಮಕ್ಕಳನ್ನು ಮಲಗಿಸುವ ಪ್ರಯತ್ನ ಆ ರಾತ್ರಿ ಯಾರೂ ಮಾಡುವುದಿಲ್ಲ. ಕೊಡ, ಬಕೆಟ್ಟು, ಲಂಗ, ಕೈಗೆ ಸಿಕ್ಕಿದ್ದರಲ್ಲೆಲ್ಲ ತುಂಬುತ್ತಾರೆ. ರೆಕ್ಕೆ, ಕಾಲು ಕಿತ್ತು, ಉಪ್ಪು ಈರುಳ್ಳಿ ಹಾಕಿ ಹುರಿದರೆ ಆಯಿತು. ಮ್ಹಿಂದಿ ಟೀಚರ್ ಓಡಿಹೋಗುತ್ತಾಳೆ ಅಂತ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮ್ಹಿಂದಿ ಅಂದರೆ ಭಾರತದವಳು. ನಮ್ಮಜ್ಜಿ ಮೊದಲ ಮಳೆಗೆ ಹುತ್ತದಿಂದ ಏಳುವ ಈಸಲು ಹಿಡಿದು ಹುರಿದು ಕೊಡುತ್ತಿದ್ದದ್ದು ಅವರಿಗೇನು ಗೊತ್ತು! ಎರಡನೇ ಸಲ ಹಾಕಿಸಿಕೊಂಡೆ.

ಖಾಲಿ ಬಿಟ್ಟ ದಿನಗಳೂ ಇವೆ. 2019ರ ಮಾರ್ಚಿನಲ್ಲಿ ಆರು ವರ್ಷದ ಹುಡುಗಿಯನ್ನು ದೂರದ ಸಂಬಂಧಿಕರು ಬಂದು ಕರೆದುಕೊಂಡು ಹೋದರು. ನಾನು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅವಳ ಚಾಪೆ ಸುತ್ತಿಟ್ಟಿತ್ತು. ಎಲ್ಲದರಲ್ಲೂ ಸಂತೋಷ ಹುಡುಕಬೇಕು ಅಂತ ಮಿಷನ್ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಆ ವಾರ ಹುಡುಕಲಿಲ್ಲ. ಹುಡುಕಿದ್ದರೆ ಅವಳಿಗೆ ಮೋಸ ಮಾಡಿದ ಹಾಗಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಹೊರಡುವ ದಿನದ ಬಸ್ಸು ಸಾ ಕುಮಿ ನಾ ಮ್ಬಿಲಿಗೆ, ಹನ್ನೆರಡು ಗಂಟೆಗೆ. ಬೆಳಗಿನ ಆರಕ್ಕೆ ಸರಿಯಾಗಿಯೇ ನಿಂತಿದ್ದೆ. ದೊಡ್ಡ ಮಕ್ಕಳು ನಾಲ್ವರು ಪೆಟ್ಟಿಗೆ ಹೊತ್ತು ಬಂದಿದ್ದರು, ಜೊತೆಗೆ ಹಟ ಮಾಡಿಕೊಂಡು ಬಂದ ಪುಟ್ಟವಳು. ಬಸ್ಸಿನ ಮೆಟ್ಟಿಲ ಹತ್ತಿರ ನನ್ನ ಕಣ್ಣು ಒದ್ದೆಯಾಯಿತು. ಅವಳು ನನ್ನ ಕೈ ಹಿಡಿದು "ಪೋಲೆ, ಮ್ವಾಲಿಮು" ಅಂದಳು. ಮ್ವಾಲಿಮು ಅಂದರೆ ಟೀಚರ್. ಆಮೇಲೆ ಒಂದು, ಎರಡು, ಮೂರು ಅಂತ ಶುರುಮಾಡಿದಳು. ಕ್ಲೀನರ್ ಬಾಗಿಲು ಬಡಿಯುತ್ತಿದ್ದ. ಅವಳು ಅವಸರ ಮಾಡದೆ ಹದಿನಾಲ್ಕರವರೆಗೂ ಎಣಿಸಿ ಕೈ ಬಿಟ್ಟಳು.