ಒಳ್ಳೆಯ ಎಲೆ ಬಿದ್ದಾಗ ಅಡಗಿಸಬೇಡಿ: ಸಣ್ಣ ಪಣದ ಪೋಕರ್ ಮೇಜಿನಲ್ಲಿ ನನ್ನ ಅನುಭವ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ಪೋಕರ್ ಮೇಜಿಗೆ ಬಂದವರಲ್ಲಿ ಬಹಳ ಮಂದಿ ಇಪ್ಪತ್ತೆಂಟು ಆಡಿ ಕೈ ಪಳಗಿಸಿದವರು. ಆ ಆಟದಲ್ಲಿ ಕರೆದವನು ತುರುಫಿನ ಎಲೆಯನ್ನು ಕವುಚಿ ಇಡುತ್ತಾನೆ, ಯಾರಾದರೂ ಕೇಳುವ ತನಕ ತೆರೆಯುವುದಿಲ್ಲ. ಬಲವನ್ನು ಮುಚ್ಚಿಡುವುದೇ ಅಲ್ಲಿ ಜಾಣತನ. ನಾನು ಹೇಳುವ ಪೋಕರ್‌ನಲ್ಲಿ ಪ್ರತಿಯೊಬ್ಬನ ಕೈಗೆ ಎರಡು ಎಲೆ, ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ಮೇಲೆ (ಬೋರ್ಡ್): ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಪಣ ಹಾಕುವುದು ಬೆಟ್, ಹಾಕದೆ ಸರದಿ ದಾಟಿಸುವುದು ಚೆಕ್, ಎದುರಿನ ಪಣದಷ್ಟೇ ಕೊಡುವುದು ಕಾಲ್, ಅದನ್ನು ಏರಿಸುವುದು ರೇಸ್, ಎಲ್ಲರ ಪಣ ಸೇರಿದ ರಾಶಿ ಪಾಟ್. ಇಪ್ಪತ್ತೆಂಟರ ಅಭ್ಯಾಸದಲ್ಲೇ ಪೋಕರ್‌ಗೆ ಕೂತರೆ ಎಕ್ಕದ ಜೋಡಿ ಬಂದಾಗಲೂ ಬರೀ ಕಾಲ್, ಫ್ಲಾಪ್‌ನಲ್ಲಿ ಸೆಟ್ (ಕೈಯ ಜೋಡಿಗೆ ಮೂರನೇ ಎಲೆ) ಬಿದ್ದಾಗಲೂ ಚೆಕ್. ಸಣ್ಣ ಪಣದ ಮೇಜಿನಲ್ಲಿ ಇದರಷ್ಟು ನಷ್ಟದ ಚಾಳಿ ಇನ್ನೊಂದಿಲ್ಲ. ಕಾರಣ ಸರಳ: ಅಲ್ಲಿ ಎದುರಿನವರು ತಾವಾಗಿ ಬೆಟ್ ಮಾಡುವುದು ಕಡಿಮೆ, ಆದರೆ ಕಾಲ್ ಮಾತ್ರ ಧಾರಾಳ. ಕಾಲ್ ಮಾಡುವವನಿಂದ ಹಣ ಬರಬೇಕಾದರೆ ಬೆಟ್ ನಾವೇ ಹಾಕಬೇಕು.

ಹಣದ ಆನ್‌ಲೈನ್ ಆಟಗಳು 2025ರ ಕೇಂದ್ರ ಕಾಯ್ದೆಯಿಂದ ನಿಂತಿವೆ. ಎದುರುಬದುರು ಕೂತು ಆಡುವ ಅಧಿಕೃತ ಜಾಗ ನಮಗೆ ಹತ್ತಿರವೆಂದರೆ ಗೋವಾ. ನೇತ್ರಾವತಿ ಹತ್ತಿ ಮಡಗಾಂವ್‌ನಲ್ಲಿ ಇಳಿದು ಪಣಜಿಗೆ ಹೋದರೆ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳಿವೆ. ಲೆಕ್ಕಕ್ಕೆ ಸುಲಭವಾಗಲೆಂದು ಇಲ್ಲಿ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಪಣ) 100-200, ಎದುರಿಗೆ 20,000ದ ಚಿಪ್ಸ್ (ಪಣದ ಬಿಲ್ಲೆ) ಎಂದು ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಹಣವಿಲ್ಲದೆ ಬರೀ ಚಿಪ್ಸ್ ಇಟ್ಟು ಆಡಿದರೂ ಲೆಕ್ಕ ಇದೇ.

ಮೊದಲನೆಯದು ಫ್ಲಾಪ್‌ಗೆ ಮುಂಚಿನ ರೇಸ್. ಯಾವುದೋ ಎರಡು ಎಲೆ ಹಿಡಿದ ಒಬ್ಬನ ಎದುರು ಎಕ್ಕದ ಜೋಡಿ ಸುಮಾರು ಶೇ. 85 ಬಾರಿ ಗೆಲ್ಲುತ್ತದೆ. ಅಂಥವರು ನಾಲ್ವರು ಉಳಿದರೆ ಅದು ಸುಮಾರು ಶೇ. 56ಕ್ಕೆ ಇಳಿಯುತ್ತದೆ. ಹಾಗಾಗಿ ಜನ ಕಡಿಮೆಯಾಗಬೇಕು, ಉಳಿದವರು ಹೆಚ್ಚು ಕೊಟ್ಟು ಉಳಿಯಬೇಕು. ನಾನು 800ರಿಂದ ಶುರುಮಾಡಿ, ಬರೀ 200 ಹಾಕಿ ಒಳಬಂದವರಿಗೆ ತಲೆಗೆ 200ರಂತೆ ಕೂಡಿಸುತ್ತೇನೆ. ಇಬ್ಬರಿದ್ದರೆ 1,200. ಆ ಮೊತ್ತಕ್ಕೂ ನಾಲ್ಕೈದು ಜನ ಬರುವ ಮೇಜಾದರೆ 1,600, ಅದಕ್ಕೂ ಬಂದರೆ 2,000. ಎಕ್ಕದ ಜೋಡಿಗೂ ಎಕ್ಕ-ರಾಣಿಗೂ ಮೊತ್ತ ಒಂದೇ ಇರಲಿ. ಮೇಜಿನಲ್ಲಿ ಗಮನವಿಟ್ಟು ನೋಡುವವನು ಒಬ್ಬನಾದರೂ ಇರುತ್ತಾನೆ. ಬೇರೆಯವನು 1,000ಕ್ಕೆ ರೇಸ್ ಮಾಡಿ ಇಬ್ಬರು ಕಾಲ್ ಮಾಡಿದ ಮೇಲೆ ನನ್ನ ಸರದಿ ಬಂದರೆ 5,000. ಫ್ಲಾಪ್ ಬಂದ ಮೇಲೆ ಅವರಿಗಿಂತ ಮೊದಲು ನಾನೇ ಮಾತಾಡಬೇಕಾದ ಜಾಗದಲ್ಲಿದ್ದರೆ 6,000.

ಈಗ ಹಣ ಬರುವ ಅಥವಾ ಕೈತಪ್ಪುವ ಜಾಗಕ್ಕೆ ಬರೋಣ. ನಾನು ಡೀಲರ್ ಬಟನ್ ಮೇಲಿದ್ದೇನೆ, ಅಂದರೆ ಫ್ಲಾಪ್ ಬಂದ ಮೇಲೆ ಕೊನೆಯ ಸರದಿ ನನ್ನದು. ಕೈಯಲ್ಲಿ ಎರಡು ಎಕ್ಕ. ಇಬ್ಬರು 200 ಹಾಕಿ ಒಳಬಂದಿದ್ದಾರೆ. 1,200ಕ್ಕೂ ನಾಲ್ಕೈದು ಜನ ಬರುವ ಮೇಜು, ಹಾಗಾಗಿ ನನ್ನ ರೇಸ್ 1,600. ಬ್ಲೈಂಡ್ ಹಾಕಿದವರು ಎಲೆ ಬಿಟ್ಟರು, ಇಬ್ಬರೂ ಕಾಲ್ ಮಾಡಿದರು. ಪಾಟ್ 5,100, ನನ್ನೆದುರು ಉಳಿದದ್ದು 18,400. ಫ್ಲಾಪ್: ಆಟೀನು ರಾಜ, ಆಟೀನು 8, ಕಳಾವರ 3. ಇಬ್ಬರೂ ಚೆಕ್. ನನ್ನ ಬೆಟ್ 3,500, ಅಂದರೆ ಪಾಟಿನ ಮೂರರಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು. ಒಬ್ಬ ಕಾಲ್ ಮಾಡಿದರೆ ಪಾಟ್ 12,100. ಟರ್ನ್‌ನಲ್ಲಿ ಇಸ್ಪೀಟು 5 ಬಂತು, 8,000 ಹಾಕುತ್ತೇನೆ. ಅದಕ್ಕೂ ಕಾಲ್ ಬಂದರೆ ಪಾಟ್ 28,100. ರಿವರ್‌ಗೆ ಉಳಿದ 6,900 ಅದರ ಕಾಲು ಭಾಗವೂ ಅಲ್ಲ. ರಾಜ-ರಾಣಿ ಹಿಡಿದವನು ಅಷ್ಟಕ್ಕೆ ಎಲೆ ಬಿಸಾಡುವುದು ಅಪರೂಪ. ಮೂರು ಸುತ್ತಿನಲ್ಲಿ 18,400 ಪೂರ್ತಿ ಒಳಗೆ ಹೋಯಿತು.

ಅದೇ ಎಲೆಯಲ್ಲಿ ಫ್ಲಾಪ್ ಚೆಕ್ ಮಾಡಿ ‘ಬಲೆ ಬೀಸಿದರೆ’ ಟರ್ನ್‌ನಲ್ಲಿ 3,500, ರಿವರ್‌ನಲ್ಲಿ 8,000, ಒಟ್ಟು 11,500. ಒಂದು ಸುತ್ತು ಬಿಟ್ಟದ್ದಕ್ಕೆ 6,900 ಕಡಿಮೆ. ಅದರ ಮೇಲೆ ಎರಡು ಆಟೀನು ಹಿಡಿದವನಿಗೆ ಒಂದು ಎಲೆಯನ್ನು ಪುಕ್ಕಟೆ ಕೊಟ್ಟಂತಾಯಿತು. ಐದು ಆಟೀನು ಆಗಲು ಅವನಿಗೆ ಬೇಕಾದ ಎಲೆ, ಅವನಿಗೆ ಕಾಣದ 47ರಲ್ಲಿ 9, ಶೇ. 19.

ಸಣ್ಣ ಬೆಟ್ ಕೂಡ ಇದೇ ಜಾತಿಯ ತಪ್ಪು. ಫ್ಲಾಪ್‌ನಲ್ಲಿ 1,000, ಟರ್ನ್‌ನಲ್ಲಿ 7,100ರ ಪಾಟಿಗೆ 2,500 ಹಾಕಿದರೆ, ಆಟೀನಿಗೆ ಕಾಯುವವನು 2,500 ಕೊಟ್ಟು 9,600ಕ್ಕೆ ಆಡುತ್ತಾನೆ. ನಷ್ಟವಾಗದಿರಲು ಅವನಿಗೆ ಬೇಕಾದ ಗೆಲುವು ಸುಮಾರು ಶೇ. 21 (12,100ರಲ್ಲಿ 2,500), ಸಿಗುವುದು 46ರಲ್ಲಿ 9, ಅಂದರೆ ಶೇ. 19.6. ರಿವರ್‌ನಲ್ಲಿ ನನ್ನಿಂದ ಇನ್ನಷ್ಟು ಬರಬಹುದಾದ್ದರಿಂದ ಅವನ ಕಾಲ್ ಸರಿಯೇ. ಆದರೆ 12,100ಕ್ಕೆ 8,000 ಹಾಕಿದಾಗ ಅವನಿಗೆ ಶೇ. 28ಕ್ಕಿಂತ ಹೆಚ್ಚು ಬೇಕು. ನನ್ನ ಕೊನೆಯ 6,900 ಸಿಗುತ್ತದೆ ಎಂದು ಕೂಡಿಸಿದರೂ ಶೇ. 23ರ ಹತ್ತಿರ. ಆಗ ಅವನು ಕಾಲ್ ಮಾಡಿದಷ್ಟು ನನಗೆ ಲಾಭ. ಎಲೆ ಬಿದ್ದು ಅವನು ಗೆದ್ದ ದಿನವೂ ಈ ಲೆಕ್ಕ ಬದಲಾಗುವುದಿಲ್ಲ.

ಸೆಟ್‌ಗೂ ನಿಯಮ ಇದೇ, ಇನ್ನೂ ಗಟ್ಟಿಯಾಗಿ. ಕೈಯಲ್ಲಿ ಜೋಡಿ ಇದ್ದರೆ ಫ್ಲಾಪ್‌ನಲ್ಲಿ ಅದೇ ಎಲೆ ಬೀಳುವುದು ಸುಮಾರು ಎಂಟೂವರೆ ಬಾರಿಗೆ ಒಮ್ಮೆ. ಆದ್ದರಿಂದ ಸಣ್ಣ ಜೋಡಿಯಲ್ಲಿ ಕಾಲ್ ಮಾಡುವ ಮುಂಚೆ ಎದುರಾಳಿಯ ಚಿಪ್ಸ್ ನೋಡುತ್ತೇನೆ. ನಾನು ಕೊಡುವ ಮೊತ್ತದ 15 ಪಟ್ಟಾದರೂ ಅಲ್ಲಿರಬೇಕು. ಬೋರ್ಡ್ 9-8-7, ಎರಡು ಇಸ್ಪೀಟು, ನನ್ನ ಕೈಯಲ್ಲಿ ಏಳರ ಜೋಡಿ ಎಂದಾದರೆ ಪಾಟಿನಷ್ಟೇ ಬೆಟ್. ಇಂಥ ಬೋರ್ಡ್‌ನಲ್ಲಿ ಎಲ್ಲರಿಗೂ ಏನಾದರೊಂದು ಸಿಕ್ಕಿರುತ್ತದೆ, ಕಾಲ್ ಬಂದೇ ಬರುತ್ತದೆ. ಅದೇ ಬೋರ್ಡ್‌ನಲ್ಲಿ ನಾಲ್ವರ ನಡುವೆ ನನ್ನದು ಬರೀ ಎಕ್ಕದ ಜೋಡಿಯಾದರೆ ಮಾತೇ ಬೇರೆ. ಮೊದಲ ಸರದಿ ನನ್ನದಾದರೆ ಚೆಕ್. ಎಲ್ಲರೂ ಚೆಕ್ ಮಾಡಿ ನನ್ನ ತನಕ ಬಂದರೆ ಒಂದು ಬೆಟ್, ರೇಸ್ ಬಂದರೆ ಎಲೆ ಕೆಳಗೆ.

ಬಿಡುವ ವಿಷಯ ಬಂದದ್ದರಿಂದ ಇನ್ನೊಂದು. ಸಂಜೆಯಿಡೀ ಬರೀ ಕಾಲ್ ಮಾಡಿದವನು ಟರ್ನ್‌ನಲ್ಲಿ ದೊಡ್ಡ ರೇಸ್ ಮಾಡಿದರೆ ಅವನ ಬಳಿ ಎರಡು ಜೋಡಿ ಅಥವಾ ಅದಕ್ಕಿಂತ ಮೇಲಿನದು ಇದೆ ಎಂದೇ ನಂಬುತ್ತೇನೆ. ಇಬ್ಬರ ಎದುರೂ 40,000 ಇದ್ದರೆ ಎಕ್ಕದ ಜೋಡಿಯನ್ನು ಅಲ್ಲೇ ಬಿಡುತ್ತೇನೆ. ಆದರೆ ಮೇಲಿನ 20,000ದ ಲೆಕ್ಕದಲ್ಲಿ 8,000 ಹಾಕಿ ಆದ ಮೇಲೆ ಅವನು ಆಲ್-ಇನ್ (ಇದ್ದದ್ದೆಲ್ಲ ಒಳಗೆ) ಅಂದರೆ, 35,000ದ ಪಾಟಿಗೆ ನಾನು ಕೊಡಬೇಕಾದದ್ದು 6,900 ಮಾತ್ರ. ಆರಕ್ಕೊಂದು ಬಾರಿ ಗೆದ್ದರೂ ಸರಿಹೋಗುತ್ತದೆ, ಬಿಡಲಾಗದು. ಅಂದರೆ ಯೋಚನೆ 8,000 ಎಣಿಸುವ ಮೊದಲೇ ಮುಗಿದಿರಬೇಕು.

ರಾಜನ ಜೋಡಿ ಹಿಡಿದವರು ಫ್ಲಾಪ್‌ನಲ್ಲಿ ಎಕ್ಕ ಕಂಡು ಹೌಹಾರುತ್ತಾರೆ. ಅದು ಶೇ. 22.6 ಬಾರಿ ಆಗುವುದೇ. ರಾಣಿಯ ಜೋಡಿಗೆ ಎಕ್ಕವೋ ರಾಜನೋ ಕಾಣಿಸುವುದು ಶೇ. 41. ಅಲ್ಲಿ ಚೆಕ್, ಸಣ್ಣ ಬೆಟ್ ಬಂದರೆ ಒಮ್ಮೆ ಕಾಲ್, ಅಷ್ಟೇ.

ಅಡಗಿಸುವುದಕ್ಕೂ ಜಾಗವಿದೆ, ಆದರೆ ಕಿರಿದು. ಕೈಯಲ್ಲಿ ಎರಡು ರಾಜ, ಬೋರ್ಡ್‌ನಲ್ಲಿ ಇನ್ನೆರಡು ರಾಜ ಮತ್ತು ಒಂದು 4 ಎಂದಿಟ್ಟುಕೊಳ್ಳಿ. ಎದುರಿನವನು ಕಾಲ್ ಮಾಡಲು ಬೇಕಾದ ಎಲೆಯೆಲ್ಲ ನನ್ನ ಬಳಿಯೇ ಇದೆ, ಆಗ ಒಂದು ಸುತ್ತು ಚೆಕ್. ಚೆಕ್ ಕಂಡ ಕೂಡಲೇ ಬೆಟ್ ಹಾಕುವ ಚಟದವನು ಎದುರಿಗಿದ್ದರೆ ಅವನಿಗೂ ಒಮ್ಮೆ ಅವಕಾಶ ಕೊಡಬಹುದು.

ಮೇಜಿನ ಶಿಸ್ತು ತಪ್ಪಿ ಬೆಟ್ ಹಾಳಾಗುವುದೂ ಉಂಟು. ಮೊತ್ತವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಚಿಪ್ಸ್ ತಳ್ಳಿ. ಮಾತಿಲ್ಲದೆ 5,000ದ ಒಂದೇ ಚಿಪ್ ಎಸೆದರೆ ಎದುರಿನ ಬೆಟ್‌ಗೆ ಅದು ಬರೀ ಕಾಲ್ ಎಂದೇ ಲೆಕ್ಕ. ಸ್ವಲ್ಪ ಇಟ್ಟು, ಮತ್ತೆ ಹಿಂದಿನಿಂದ ಚಿಪ್ಸ್ ತಂದು ಸೇರಿಸಿದರೆ ಆ ರೇಸ್ ನಿಲ್ಲುವುದಿಲ್ಲ. ನೋ-ಲಿಮಿಟ್ (ಬೆಟ್‌ಗೆ ಮಿತಿಯಿಲ್ಲದ) ಮೇಜಿನಲ್ಲಿ ಪಾಟ್ ಎಷ್ಟೆಂದು ಡೀಲರ್ ಎಣಿಸಿ ಹೇಳುವುದಿಲ್ಲ, ಪ್ರತಿ ಸುತ್ತಿನ ಕೊನೆಗೆ ಮನಸ್ಸಿನಲ್ಲೇ ಕೂಡಿಸಿಡಬೇಕು. ಎಲೆಗಳ ಮೇಲೊಂದು ಚಿಪ್ ಇಟ್ಟಿರಿ. ಗೆದ್ದಂತೆ ಕಂಡರೂ ಪಾಟ್ ನಿಮ್ಮ ಕಡೆಗೆ ಬರುವ ತನಕ ಎಲೆ ಡೀಲರ್ ಕೈಗೆ ಹೋಗಬಾರದು.

ಇನ್ನು ಚಿಪ್ಸ್. ನನ್ನೆದುರು 20,000 ಇದ್ದದ್ದು 14,000ಕ್ಕೆ ಇಳಿದರೆ ಮುಂದಿನ ಎಲೆ ಹಂಚುವ ಮೊದಲೇ ತುಂಬಿಸುತ್ತೇನೆ. ಆಟದ ನಡುವೆ ಸೇರಿಸಲು ಬಿಡುವುದಿಲ್ಲ. ಎಕ್ಕದ ಜೋಡಿ ಬರುವುದು 221 ಬಾರಿಗೆ ಒಮ್ಮೆ. ಗಂಟೆಗೆ 25-30 ಬಾರಿ ಹಂಚುವ ಮೇಜಿನಲ್ಲಿ ಅದು ಸರಾಸರಿ ಎಂಟು ಗಂಟೆಗೊಮ್ಮೆ, ಮತ್ತು ಆಗ ಎದುರಿಗೆ ಎಷ್ಟು ಚಿಪ್ಸ್ ಇದೆಯೋ ಒಬ್ಬನಿಂದ ಅಷ್ಟನ್ನೇ ಗೆಲ್ಲಬಹುದು.