ನಮ್ಮಪ್ಪನ ಯೆಜ್ಡಿಗೆ ಕಾರ್ಬೊರೇಟರ್ ಹೊಂದಿಸಿದ್ದು

ಟೂ ಸ್ಟ್ರೋಕ್ ಗಾಡಿ ಸೀಜ್ ಆಗುವ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಮುಂಚೆ ಒಂದು ಗಳಿಗೆ ಬಲು ಚೆನ್ನಾಗಿ ಓಡುತ್ತದೆ. ಎಕ್ಸ್‌ಪ್ರೆಸ್‌ವೇ ಆಗುವ ಮುಂಚಿನ ಮಾತು. ಶ್ರೀರಂಗಪಟ್ಟಣ ದಾಟಿ ಮೈಸೂರಿನ ಕಡೆ ಬರುತ್ತಿದ್ದೆ. ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಸದ್ದು ಸಣ್ಣಗಾಯಿತು, ಇಂಜಿನ್ ಎಂದಿಲ್ಲದ ಚುರುಕಿನಿಂದ ಎಳೆಯಿತು. ಅಷ್ಟರಲ್ಲೇ ಕೀಚ್ ಅಂತ ಹಿಂದಿನ ಚಕ್ರ ಹಿಡಿದುಕೊಂಡಿತು. ಕೈ ತಾನಾಗೇ ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ. ಪ್ಲಗ್ ಬಿಚ್ಚಿದರೆ ಅದರ ಮೂತಿ ಸುಣ್ಣ ಬಳಿದಂತೆ ಬೆಳ್ಳಗಿತ್ತು, ಪೆಟ್ರೋಲ್ ಸಾಲದೆ ಕಾದದ್ದರ ಗುರುತು.

ಅದು ನಮ್ಮಪ್ಪನ ಯೆಜ್ಡಿ ಬೈಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬರಲು ಶುರುವಾಯಿತು, 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆಮೇಲೆ ಮೂಲ ಬಿಡಿಭಾಗ ಹುಡುಕೋದೇ ಒಂದು ಕೆಲಸ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರ್. ನಮ್ಮ ಗಾಡಿಯ ಹಳೇದರಲ್ಲಿ ಆಕ್ಸಿಲರೇಟರ್ ತಿರುವಿದಂತೆ ಮೇಲೇಳುವ ಸ್ಲೈಡ್ ಸವೆದು ಗಲಗಲ ಅನ್ನುತ್ತಿತ್ತು. ಗುಜರಿಯಲ್ಲಿ 150 ಸಿಸಿಯ ಫೋರ್ ಸ್ಟ್ರೋಕ್ ಬೈಕಿನದೊಂದು ಸಿಕ್ಕಿತು. ಬಾಯಿ ಅದೇ 26 ಮಿ.ಮೀ. ಬೋಲ್ಟೂ ಕೂತವು, ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಊರೊಳಗೆ ಒಂದು ವಾರ ಸೊಗಸಾಗಿ ಓಡಿತು. ಹೊಂದಿತು ಅಂದುಕೊಂಡುಬಿಟ್ಟೆ.

ಹೆಡ್ಡು ಸಿಲಿಂಡರ್ ಬಿಚ್ಚಿ ಕೂತ ರಾತ್ರಿ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಯೆಜ್ಡಿಯ ಬೋರು, ಅಂದರೆ ಸಿಲಿಂಡರಿನ ಅಗಲ 65, ಸ್ಟ್ರೋಕು, ಅಂದರೆ ಪಿಸ್ಟನ್ನಿನ ಓಡಾಟ 75 ಮಿ.ಮೀ, ಅಂದರೆ ಹೆಚ್ಚುಕಡಿಮೆ 250 ಸಿಸಿ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಉಸಿರೆಳೆಯುತ್ತದೆ. ನಿಮಿಷಕ್ಕೆ 5,000 ಸುತ್ತು ಅಂದರೆ ಲೆಕ್ಕಕ್ಕೆ 1,250 ಲೀಟರ್ ಗಾಳಿ. 150 ಸಿಸಿ ಫೋರ್ ಸ್ಟ್ರೋಕ್ ಎರಡು ಸುತ್ತಿಗೊಮ್ಮೆ ಮಾತ್ರ ಎಳೆಯುತ್ತದೆ. ಅದು 8,500 ಸುತ್ತು ತಿರುಗಿದರೂ 640 ಲೀಟರ್ ದಾಟದು. ಅರ್ಧದಷ್ಟು ಗಾಳಿಗೆ ಅಳೆದಿಟ್ಟ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ನನ್ನ ಇಂಜಿನ್ನಿಗೆ ಪೆಟ್ರೋಲ್ ಎಲ್ಲಿಂದ ಕೊಟ್ಟೀತು? ಆಯಿಲ್ಲೂ ಪೆಟ್ರೋಲಿನ ಜೊತೆಗೇ ಬರಬೇಕಾದ್ದರಿಂದ ಪಿಸ್ಟನ್ನಿಗೆ ಜಿಡ್ಡೂ ಕಡಿಮೆಯಾಯಿತು. ಎಕ್ಸಾಸ್ಟ್ ಕಿಂಡಿಗಳ ಕಡೆ ಪಿಸ್ಟನ್ ಮೇಲೆ ಬಾಚಣಿಗೆಯಲ್ಲಿ ಗೀರಿದಂಥ ಉದ್ದುದ್ದ ಗೆರೆ. ಸಿಲಿಂಡರ್ ಲೇತ್‌ಗೆ ಹೋಯಿತು, ಮುಂದಿನ ಓವರ್‌ಸೈಜ್ ಪಿಸ್ಟನ್ ಬಂತು.

ಬರೀ ಜೆಟ್ ದೊಡ್ಡದು ಹಾಕಿದ್ದರೆ ಸಾಕಿತ್ತಲ್ಲ ಅಂತ ಕೇಳುವವರಿದ್ದಾರೆ. ಪೂರ್ತಿ ತಿರುವಿದಾಗಿನ ತೊಂದರೆ ಅದರಿಂದ ಹೋದೀತು, ಅರ್ಧದಲ್ಲಿ ಹೋಗದು. ಸ್ಲೈಡಿಗೆ ಸಿಕ್ಕಿಸಿದ ಸೂಜಿ ಒಳಗೆ ಹೋಗಿಬರುವ ಕೊಳವೆ ಇದೆಯಲ್ಲ, ನೀಡಲ್ ಜೆಟ್, ಅದೇ ಬೇರೆ ಥರ. ಫೋರ್ ಸ್ಟ್ರೋಕಿನದರ ಪಕ್ಕೆಯ ತುಂಬ ಸಣ್ಣ ಸಣ್ಣ ತೂತು; ಗಾಳಿ ಅಲ್ಲೇ ಪೆಟ್ರೋಲಿಗೆ ಸೇರಿ ನೊರೆಯಾಗಿ ಮೇಲೇರುತ್ತದೆ. ಟೂ ಸ್ಟ್ರೋಕಿನದಕ್ಕೆ ಸಾಮಾನ್ಯವಾಗಿ ಆ ತೂತುಗಳಿರುವುದಿಲ್ಲ, ತುದಿಯಲ್ಲಿ ಅರ್ಧಚಂದ್ರದಂಥ ಒಂದು ತಡೆ ಗಂಟಲಲ್ಲಿ ಎದ್ದು ನಿಂತಿರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಈಗ ಯಾವ ಕಾರ್ಬೊರೇಟರ್ ಕೈಗೆ ಬಂದರೂ ಮೇಲಿನ ನಂಬರ್ ಓದುವ ಮುಂಚೆ ನಾನು ನೋಡುವುದು ಅದನ್ನು.

ಟೂ ಸ್ಟ್ರೋಕಿನದೇ ಒಂದು 26 ಹುಡುಕಿ ತಂದೆ. ಕೂರಿಸುವ ಮೊದಲು ಇಂಜಿನ್ನಿಗೆ ಅಂಟುವ ಅದರ ಮೂತಿಯನ್ನು ಕನ್ನಡಿ ಗಾಜಿನ ಮೇಲೆ ನೀರುಕಾಗದ ಹಾಸಿ ಉಜ್ಜಿದೆ. ಬೋಲ್ಟ್ ಕೂರುವ ಎರಡು ಕಿವಿಗಳು ಹೊಳೆದವು, ನಡುವೆ ಕಪ್ಪಗೇ ಉಳಿಯಿತು. ಹಿಂದೆ ಯಾರೋ ಬೋಲ್ಟ್ ಬಿಗಿದೂ ಬಿಗಿದೂ ಕಿವಿ ಬಗ್ಗಿಸಿದ್ದರು. ಹಾಗೇ ಹಾಕಿದ್ದರೆ ಪ್ಯಾಕಿಂಗ್ ಎಷ್ಟೇ ದಪ್ಪ ಇಟ್ಟರೂ ಏರ್ ಎಳೆಯುತ್ತಿತ್ತು. ಪೂರ್ತಿ ಒಂದೇ ಹೊಳಪು ಬರುವವರೆಗೆ ಉಜ್ಜಿದೆ, ಅರ್ಧ ಗಂಟೆ ಹಿಡಿಯಿತು. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲನ್ನೂ ಹೊಸದು ಹಾಕಿಸಿದೆ. ಡೈನಮೋ ಕಡೆಯದು ಹೋದರೆ ಗಾಳಿ ಎಳೆಯುತ್ತದೆ, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಕುಡಿದು ಹೊಗೆ ಬಿಡುತ್ತದೆ. ಸೀಲ್ ಸರಿಯಿಲ್ಲದ ಇಂಜಿನ್ ಮೇಲೆ ಜೆಟ್ ಬದಲಿಸುತ್ತಾ ಕೂರುವುದು ದುಡ್ಡು ದಂಡ.

ಆಮೇಲೆ ಟ್ಯೂನಿಂಗ್. ಆಕ್ಸಿಲರೇಟರ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆದುಕೊಂಡೆ. ಶುರುವಿನ ತಿರುವಿಗೆ ಪೈಲಟ್ ಜೆಟ್ಟು ಅನ್ನೋ ಚಿಕ್ಕ ಜೆಟ್ಟು, ಅದರ ಗಾಳಿ ಹೊಂದಿಸುವ ಏರ್ ಸ್ಕ್ರೂ. ಕಾಲು ಗೆರೆಯ ಹತ್ತಿರ ಸ್ಲೈಡಿನ ಕೆಳಗಿನ ಕತ್ತರಿಪು. ಅಲ್ಲಿಂದ ಮುಕ್ಕಾಲಿನವರೆಗೆ ಸೂಜಿ. ಆಚೆಗೆ ಮೇನ್ ಜೆಟ್. ಯಾವ ಗೆರೆಯಲ್ಲಿ ಗೊಣಗುತ್ತದೋ ಆ ಭಾಗಕ್ಕೇ ಕೈ ಹಾಕಬೇಕು, ಅದೂ ಒಂದು ಸಲಕ್ಕೆ ಒಂದೇ. ಮೇನ್ ಜೆಟ್ಟನ್ನು ದೊಡ್ಡದರಿಂದಲೇ ಶುರುಮಾಡಿದೆ, ಹೊಗೆ ಬಂದರೂ ಪಿಸ್ಟನ್ ಉಳಿಯುತ್ತದೆ ಅಂತ. 160ರಿಂದ ಹತ್ತತ್ತು ಇಳಿಸಿ 130ಕ್ಕೆ ನಿಂತೆ. ಈ ನಂಬರನ್ನು ಯಾರೂ ಹಾಗೇ ಎತ್ತಿಕೊಳ್ಳಬೇಡಿ, ಒಂದು ಕಂಪನಿ ತೂತಿನ ಅಗಲ ಬರೆದರೆ ಇನ್ನೊಂದು ಹರಿವಿನ ಅಳತೆ ಬರೆಯುತ್ತದೆ. ಬೆಳಿಗ್ಗೆ ಐದೂವರೆಗೆ ರಿಂಗ್ ರೋಡಿನಲ್ಲಿ ಪೂರ್ತಿ ತಿರುವಿ ಓಡಿಸಿ, ಕ್ಲಚ್ ಒತ್ತಿ ಕೀ ಆಫ್ ಮಾಡಿ, ಉರುಳಿ ನಿಂತಲ್ಲೇ ಪ್ಲಗ್ ಬಿಚ್ಚುತ್ತಿದ್ದೆ. ನಾಲ್ಕನೇ ದಿನ ಪ್ಲಗ್ಗಿಗೆ ಬೇಕಾದ ಕಾಫಿಪುಡಿ ಬಣ್ಣ ಬಂತು.

ಸೂಜಿಗೆ ಚಾಮುಂಡಿ ಬೆಟ್ಟವೇ ಪರೀಕ್ಷೆ. ತಮ್ಮನನ್ನು ಹಿಂದೆ ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಅರ್ಧ ತಿರುವಿ ಹತ್ತಿಸಿದರೆ ತಿರುವಿನಲ್ಲಿ ಎಳೆಯದೆ ಬಳಲುತ್ತಿತ್ತು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿದೆ, ಸೂಜಿ ಅಷ್ಟು ಮೇಲೆದ್ದು ಪೆಟ್ರೋಲ್ ಹೆಚ್ಚಿತು. ಮರುದಿನ ನಂದಿಯ ತನಕ ಎಲ್ಲೂ ಗೇರ್ ಇಳಿಸದೆ ಹೋದೆವು.

ಕಳೆದ ತಿಂಗಳು ಪಾಂಡವಪುರದ ರೈತರೊಬ್ಬರು ಅಂಥದೇ ಯೆಜ್ಡಿಯನ್ನು ಹೊಡೆದುಕೊಂಡು ಬಂದರು. "ಸ್ಟಾರ್ಟೇನೋ ಚೆನ್ನಾಗೇ ಆಯ್ತದೆ ಕಣಣ್ಣ, ಕಬ್ಬಿನ ಗದ್ದೆ ತಂಕ ಓಯ್ತದೆ. ಮೇನ್ ರೋಡ್ ಅತ್ತುದ್ರೆ ಮಾತ್ರ ಬಿಸಿಯಾಗೋಯ್ತದೆ" ಅಂದರು. ಟಾರ್ಚ್ ಹಿಡಿದು ಗಂಟಲೊಳಗೆ ನೋಡಿದೆ, ಅರ್ಧಚಂದ್ರ ಇರಲಿಲ್ಲ. ಗಾಡಿ ಇಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ ಅಂದೆ.