ಕಾಲು ನೋಡಿ ಬಾರಿಸುವ ಕೆಲಸ

ಹಡಗಿನ ಬಾಲ್‌ರೂಮಿನಲ್ಲಿ, ಅಂದರೆ ಜೋಡಿ ನೃತ್ಯದ ಸಭಾಂಗಣದಲ್ಲಿ, ಡ್ರಮ್ಸ್ ಹಿಂದೆ ಕೂತವನಿಗೆ ಜನರ ಮುಖಕ್ಕಿಂತ ಕಾಲುಗಳೇ ಚೆನ್ನಾಗಿ ಕಾಣುತ್ತವೆ. ಸಿಂಬಲ್ ಎಂಬ ಲೋಹದ ತಟ್ಟೆಗಳ ಸಂದಿಯಿಂದ ನೋಡಿದರೆ ಹೊಳೆಯುವ ಮರದ ನೆಲ. ಅದರ ಮೇಲೆ ಪಾಲಿಶ್ ಹಾಕಿದ ಕಪ್ಪು ಶೂ, ಬೆಳ್ಳಿ ಬಣ್ಣದ ಸ್ಯಾಂಡಲ್, ನೆಲ ಸವರುವ ಗೌನಿನ ಅಂಚು. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುವ ಹಳೆಯ ಶೈಲಿಯ ಕ್ರೂಸ್ ಹಡಗೊಂದರಲ್ಲಿ ನಾನು ಮೂರು ಕಾಂಟ್ರಾಕ್ಟ್ ಕೆಲಸ ಮಾಡಿದೆ. ಆ ಕಾಲುಗಳನ್ನು ನೋಡಿ ಬಾರಿಸುವುದನ್ನು ಕಲಿಯುವುದಕ್ಕೇ ಮೊದಲ ಕಾಂಟ್ರಾಕ್ಟ್ ಪೂರ್ತಿ ಹೋಯಿತು.

ನನ್ನ ಊರು ಮಂಗಳೂರು. ಚರ್ಚಿನ ಕ್ವಾಯರ್‌ನಲ್ಲಿ ಶುರು ಮಾಡಿ ಮದುವೆ ಬ್ಯಾಂಡಿಗೆ ಬಂದವನು ನಾನು. ನಮ್ಮ ಕಡೆಯ ಕ್ರೈಸ್ತ ಮದುವೆಯ ರಿಸೆಪ್ಷನ್ ನೋಡಿದವರಿಗೆ ಗೊತ್ತು. ಗ್ರ್ಯಾಂಡ್ ಮಾರ್ಚ್ ಆಗುತ್ತದೆ, ವಾಲ್ಟ್ಜ್ ಆಗುತ್ತದೆ, ಜೈವ್ ಆಗುತ್ತದೆ. ಕೊನೆಗೆ ಮಸಾಲಾ, ಅಂದರೆ ಕೊಂಕಣಿ ಹಾಡುಗಳ ಸರಮಾಲೆ, ಶುರುವಾದರೆ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಫ್ಲೋರಿನ ಮೇಲೆ. ರಾತ್ರಿ ಏರಿದ ಹಾಗೆ ವೇಗವೂ ಏರುತ್ತದೆ. ಏರಲೇಬೇಕು, ಅದರ ಸೊಗಸೇ ಅದು. ಹಾಗಾಗಿ ವಾಲ್ಟ್ಜ್, ಜೈವ್ ಎಲ್ಲ ನನಗೆ ಗೊತ್ತು ಅಂದುಕೊಂಡೇ ನಾನು ಹಡಗು ಹತ್ತಿದೆ.

ಹಳೆಯ ಶೈಲಿ ಅಂದರೆ ಏನು ಅಂತ ಊರಿನಲ್ಲಿ ಜಾಸ್ತಿ ಜನ ಕೇಳುತ್ತಾರೆ. ಈಗಿನ ದೊಡ್ಡ ಹಡಗುಗಳಲ್ಲಿರುವ ಹಾಗೆ ನೀರಿನ ಜಾರುಬಂಡೆ, ಹಗ್ಗದ ಸಾಹಸ ಇಲ್ಲಿ ಇಲ್ಲ. ಹಡಗಿನ ನಡುಭಾಗದಲ್ಲಿ ಒಂದು ಬಾಲ್‌ರೂಮ್. ಕೆಲವು ರಾತ್ರಿ ಗಂಡಸರು ಕಪ್ಪು ಸೂಟು, ಬೋ ಟೈ, ಹೆಂಗಸರು ಉದ್ದ ಗೌನು ಹಾಕಿಕೊಂಡೇ ಊಟಕ್ಕೆ ಬರುತ್ತಾರೆ. ಬಂದರಿಲ್ಲದ ದಿನ ಮಧ್ಯಾಹ್ನ ಚಹಾದ ಜೊತೆಗೆ ನೃತ್ಯ. ಒಂದು ಮೂಲೆಯಲ್ಲಿ ಪಿಯಾನೊ ನುಡಿಸುವವರು, ಇನ್ನೊಂದು ಕಡೆ ಪಿಟೀಲು, ಚೆಲ್ಲೊ. ಥಿಯೇಟರಿಗೆ ಬೇರೆ ಬ್ಯಾಂಡ್. ಬಾಲ್‌ರೂಮಿಗೆ ನಾವು ಐದು ಜನ: ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಹಾಡುಗಾರ್ತಿ, ನಾನು. ಪ್ರಯಾಣಿಕರಲ್ಲಿ ಹೆಚ್ಚಿನವರು 60 ದಾಟಿದ ಇಂಗ್ಲಿಷರು. ಹರೆಯದಿಂದಲೂ ಡ್ಯಾನ್ಸ್ ಕಲಿತು, ಈಗ ರಜೆಯನ್ನೂ ಅದಕ್ಕಾಗಿಯೇ ತೆಗೆದುಕೊಳ್ಳುವವರು. ಅವರ ಕೈಯಲ್ಲಿ ಒಂದು ಪುಟ್ಟ ಬಟ್ಟೆಚೀಲ ಇರುತ್ತದೆ. ಅದರೊಳಗೆ ಡ್ಯಾನ್ಸಿನ ಶೂ. ಅಡಿಭಾಗಕ್ಕೆ ಮೆತ್ತನೆಯ ಒರಟು ಚರ್ಮ ಇರುವ ಆ ಶೂವನ್ನು ಬಾಲ್‌ರೂಮಿನ ಹೊರಗೆ ಹಾಕುವುದೇ ಇಲ್ಲ.

ಮೂರನೇ ಸಂಜೆ ನಡೆದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕ್ವಿಕ್‌ಸ್ಟೆಪ್ ಎಂಬ ವೇಗದ ಜೋಡಿ ನೃತ್ಯಕ್ಕೆ ಬಾರಿಸುತ್ತಿದ್ದೆವು. ಬ್ಯಾಂಡ್ ಒಳ್ಳೆ ಹುರುಪಿನಲ್ಲಿತ್ತು. ಒಂದೊಂದೇ ಜೋಡಿ ಫ್ಲೋರ್ ಬಿಟ್ಟು ಕುರ್ಚಿಗೆ ಹೋಗುವುದು ಕಾಣುತ್ತಿತ್ತು. ದಣಿದಿರಬೇಕು ಅಂದುಕೊಂಡೆ. ಸೆಟ್ ಮುಗಿದ ಮೇಲೆ ಎತ್ತರದ ಒಬ್ಬ ಮುದುಕರು ವೇದಿಕೆ ಹತ್ತಿರ ಬಂದರು. ಬ್ಲ್ಯಾಕ್‌ಪೂಲ್ ಕಡೆಯವರು, ಡ್ಯಾನ್ಸ್ ಮೇಷ್ಟ್ರಾಗಿ ನಿವೃತ್ತರಾದವರು. ಕೈಗಡಿಯಾರ ತೋರಿಸಿ ಹೇಳಿದರು: “ನಿಮ್ಮ ಕ್ವಿಕ್‌ಸ್ಟೆಪ್ 56ಕ್ಕೆ ಹೋಗ್ತಾ ಇದೆ. ನನ್ನ ಹೆಂಡತಿಗೆ 78 ವರ್ಷ. ನಾಳೆ 48ರಲ್ಲಿ ಬಾರಿಸ್ತೀರಾ?”

ನನಗೆ ಆ ಲೆಕ್ಕವೇ ಅರ್ಥವಾಗಲಿಲ್ಲ. ತಾಳದ ವೇಗ ಅಳೆಯುವ ನನ್ನ ಮೆಟ್ರೊನೋಮ್ 220ರ ಆಸುಪಾಸು ತೋರಿಸುತ್ತಿತ್ತು. ಆಮೇಲೆ ನಮ್ಮ ಪಿಯಾನೊದವರು ಬಿಡಿಸಿ ಹೇಳಿದರು. ನಾವು ಸಂಗೀತಗಾರರು ನಿಮಿಷಕ್ಕೆ ಎಷ್ಟು ಬೀಟ್ ಅಂತ ಎಣಿಸುತ್ತೇವೆ. ಡ್ಯಾನ್ಸಿನವರು ನಿಮಿಷಕ್ಕೆ ಎಷ್ಟು ಬಾರ್ ಅಂತ ಎಣಿಸುತ್ತಾರೆ. ಬಾರ್ ಅಂದರೆ ನಮ್ಮ ತಾಳದ ಒಂದು ಆವರ್ತ ಇದ್ದ ಹಾಗೆ. ಆದ್ದರಿಂದ ವಾಲ್ಟ್ಜ್ 30 ಅಂದರೆ ಒಂದು ಬಾರ್‌ಗೆ ಮೂರು ಬೀಟಿನಂತೆ 90. ಫಾಕ್ಸ್‌ಟ್ರಾಟ್ 30 ಅಂದರೆ ಒಂದು ಬಾರ್‌ಗೆ ನಾಲ್ಕು, ಅಂದರೆ 120. ಎರಡೂ ‘30’, ಕೈಗೆ ಮಾತ್ರ ಎರಡೂ ಬೇರೆ ಬೇರೆ. ಸ್ಪರ್ಧೆಗಳಲ್ಲಿ ಒಪ್ಪಿಕೊಂಡ ವೇಗಗಳಿವೆ: ವಾಲ್ಟ್ಜ್ ಮತ್ತು ಫಾಕ್ಸ್‌ಟ್ರಾಟ್ 28ರಿಂದ 30, ಟ್ಯಾಂಗೊ 31ರಿಂದ 33, ಕ್ವಿಕ್‌ಸ್ಟೆಪ್ 50ರಿಂದ 52, ರುಂಬಾ 25ರಿಂದ 27. ನಾನು ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಸ್ನೇರ್ ಡ್ರಮ್ಮಿನ ಸ್ಟ್ಯಾಂಡಿಗೆ ಅಂಟಿಸಿಕೊಂಡೆ. ಪಕ್ಕದಲ್ಲಿ ನಮ್ಮ ಜನಕ್ಕೆ ಸರಿಹೋಗುವ ವೇಗವನ್ನು ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ಎಲ್ಲವೂ ಎರಡು ಮೂರು ಬಾರ್ ಕಡಿಮೆ. ಕ್ವಿಕ್‌ಸ್ಟೆಪ್ 48. ಮೇಷ್ಟ್ರು ಹೇಳಿದ್ದೇ ಸರಿ ಇತ್ತು.

ಈ ಕಟ್ಟುನಿಟ್ಟಿನ ವೇಗಕ್ಕೆ ಅವರ ನಾಡಿನಲ್ಲಿ ಉದ್ದದ ಇತಿಹಾಸ ಇದೆ. ವಿಕ್ಟರ್ ಸಿಲ್ವೆಸ್ಟರ್ ಅಂತ ಒಬ್ಬರು 1922ರಲ್ಲಿ ಬಾಲ್‌ರೂಮ್ ಡ್ಯಾನ್ಸಿನ ವಿಶ್ವ ಚಾಂಪಿಯನ್ ಆದರು. ಹೆಜ್ಜೆಗೆ ಹೊಂದುವ ವೇಗದ ರೆಕಾರ್ಡುಗಳು ಸಿಗುತ್ತಿಲ್ಲ ಅಂತ 1935ರಲ್ಲಿ ತಾವೇ ಆರ್ಕೆಸ್ಟ್ರಾ ಕಟ್ಟಿದರು. ಡ್ಯಾನ್ಸ್ ಮಾಡುವವನೇ ಬ್ಯಾಂಡಿನ ಯಜಮಾನನಾದ! ನಮ್ಮ ಹಡಗಿನ ಅಜ್ಜ ಅಜ್ಜಿಯರು ರೇಡಿಯೊದಲ್ಲಿ ಅವರ ಬ್ಯಾಂಡ್ ಕೇಳುತ್ತಾ ಬೆಳೆದವರು. ವೇಗ ಒಂದು ಚೂರು ಆಚೀಚೆ ಆದರೂ ಅವರ ಮೊಣಕಾಲಿಗೆ ತಿಳಿಯುತ್ತದೆ.

ಎರಡನೇ ಪಾಠ ಇನ್ನೂ ಗಟ್ಟಿಯಾಗಿ ತಗುಲಿತು. ಸೀಕ್ವೆನ್ಸ್ ಡ್ಯಾನ್ಸ್ ಅಂತ ಒಂದು ಪದ್ಧತಿ ಇದೆ. ಫ್ಲೋರಿನಲ್ಲಿರುವ ಎಲ್ಲ ಜೋಡಿಗಳೂ ಒಂದೇ ಹೆಜ್ಜೆಯನ್ನು ಒಂದೇ ಹೊತ್ತಿಗೆ ಹಾಕುತ್ತವೆ. ಸಾಮಾನ್ಯವಾಗಿ 16 ಬಾರ್‌ಗೆ ಒಂದು ಸುತ್ತು, ಮತ್ತೆ ಮೊದಲಿನಿಂದ. ಮೇಲಿನಿಂದ ನೋಡಿದರೆ ದೊಡ್ಡ ಚಕ್ರ ತಿರುಗಿದ ಹಾಗೆ ಕಾಣುತ್ತದೆ. ಒಂದು ಮಧ್ಯಾಹ್ನ ನಾನು ಮದುವೆ ಬ್ಯಾಂಡಿನ ಅಭ್ಯಾಸದಲ್ಲಿ ಎರಡು ಬಾರ್ ಉದ್ದದ ಒಂದು ಡ್ರಮ್ ತುಣುಕು ಸೇರಿಸಿಬಿಟ್ಟೆ. ಕೇಳಲು ಚೆಂದವೇ ಇತ್ತು. ಆದರೆ ಫ್ಲೋರಿನ ಮೇಲೆ ಅರ್ಧ ಜನ ಹೊಸ ಸುತ್ತು ಶುರು ಮಾಡಿದರು, ಅರ್ಧ ಜನ ನಿಂತರು. ಹಿಂದಿನ ಜೋಡಿ ಮುಂದಿನ ಜೋಡಿಗೆ ಡಿಕ್ಕಿ. ಒಬ್ಬರು ಬೀಳುವುದರಲ್ಲಿದ್ದರು, ಅವರ ಗಂಡ ಹಿಡಿದುಕೊಂಡರು. ನಾನು ಹೋಗಿ ಕ್ಷಮೆ ಕೇಳಿದೆ. ಎಪ್ಪತ್ತು ಎಂಬತ್ತು ವಯಸ್ಸಿನವರು ಬಿದ್ದರೆ ಸೊಂಟದ ಮೂಳೆಯೇ ಹೋಗಬಹುದು, ಅಲ್ವಾ? ಅಂದಿನಿಂದ ಪರಿಚಯಕ್ಕೆ 4 ಬಾರ್, ಆಮೇಲೆ 16, 16, 16. ಒಂದು ಬಾರ್ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಹಾಗಾದರೆ ರೆಕಾರ್ಡ್ ಹಾಕಿದರೆ ಸಾಲದೇ, ಬ್ಯಾಂಡ್ ಯಾಕೆ ಅಂತ ಕೇಳಬಹುದು. ರೆಕಾರ್ಡಿಗೆ ಕಣ್ಣಿಲ್ಲ. ಕ್ವಿಕ್‌ಸ್ಟೆಪ್ ನಡುವೆ ಮೂರು ಜೋಡಿ ಏದುಸಿರು ಬಿಡುವುದು ಕಂಡರೆ ನಾನು ತಲೆ ಎತ್ತುತ್ತೇನೆ, ಸ್ಯಾಕ್ಸಿನವರು ಈ ಸುತ್ತಿಗೆ ಮುಗಿಸುತ್ತಾರೆ. ಫ್ಲೋರಿನಲ್ಲಿ ಒಂದೇ ಜೋಡಿ ಇದ್ದು ಅವರಿಗೆ ಮುಜುಗರ ಆಗುತ್ತಿದ್ದರೆ ಕೋಲಿನ ಬದಲು ತಂತಿಯ ಬ್ರಷ್ ಹಿಡಿದು ಸದ್ದು ಇಳಿಸುತ್ತೇನೆ, ಹಾಡುಗಾರ್ತಿ ಉಳಿದವರನ್ನು ಬಾಯ್ತುಂಬ ಕರೆಯುತ್ತಾರೆ. ಕುರ್ಚಿಯಲ್ಲಿ ಕೂತವರ ಕಾಲು ರುಂಬಾಗೆ ಅಲ್ಲಾಡದೆ ವಾಲ್ಟ್ಜಿಗೆ ಅಲ್ಲಾಡಿದರೆ ಮುಂದಿನದೂ ವಾಲ್ಟ್ಜ್. ಇಷ್ಟೇ ನಮ್ಮ ಕೆಲಸ. ನನ್ನ ದೃಷ್ಟಿಯಲ್ಲಿ ಇದು ಬಹಳ ದೊಡ್ಡ ಕೆಲಸ.

ಒಬ್ಬರೇ ಬಂದವರ ವಿಷಯ ಹೇಳಲೇಬೇಕು. ಇಂಥ ಹಡಗಿನಲ್ಲಿ ಗಂಡಸರಿಗಿಂತ ಹೆಂಗಸರು ಜಾಸ್ತಿ. ಜೊತೆಗಾರ ಇಲ್ಲದವರಿಗಾಗಿ ಡ್ಯಾನ್ಸ್ ಹೋಸ್ಟ್‌ಗಳಿರುತ್ತಾರೆ. ಬ್ಲೇಜರ್ ಹಾಕಿ, ಬ್ಯಾಡ್ಜ್ ಚುಚ್ಚಿಕೊಂಡ ಹಿರಿಯ ಗಂಡಸರು. ಒಬ್ಬರ ಜೊತೆಗೇ ಮೇಲಿಂದ ಮೇಲೆ ಕುಣಿಯಬಾರದು, ಎಲ್ಲರನ್ನೂ ಕರೆಯಬೇಕು, ಹಾಡು ಮುಗಿದ ಮೇಲೆ ಕುರ್ಚಿಯವರೆಗೆ ಬಿಟ್ಟು ಬರಬೇಕು ಎಂಬ ನಿಯಮ. ನಾವು ಬ್ಯಾಂಡಿನವರು ಅವರಿಗೆ ನೆರವಾಗುವ ಒಂದು ದಾರಿ ಕಂಡುಕೊಂಡೆವು. ಎಂಟು ಹೆಂಗಸರು ಕಾಯುತ್ತಿದ್ದು ಇಬ್ಬರೇ ಹೋಸ್ಟ್ ಇದ್ದರೆ ಒಂದೊಂದು ಹಾಡನ್ನು ಎರಡು ನಿಮಿಷಕ್ಕೆ ನಿಲ್ಲಿಸುತ್ತಿದ್ದೆವು. ನಾಲ್ಕು ಹಾಡಿಗೆ ಎಲ್ಲರ ಸರದಿಯೂ ಬರುತ್ತಿತ್ತು. ನಡುವೆ ಚಾ ಚಾ ನೃತ್ಯದ ಒಂದು ಹಾಡು ಹಾಕಿದರೆ ಜೋಡಿಯೇ ಬೇಡ, ಸಾಲಾಗಿ ನಿಂತು ಕುಣಿಯುತ್ತಾರೆ.

ಸಮುದ್ರವೂ ನಮ್ಮ ಬ್ಯಾಂಡಿನ ಒಬ್ಬ ಸದಸ್ಯ ಇದ್ದ ಹಾಗೆ. ಮಡೈರಾ, ಕೆನರಿ ದ್ವೀಪಗಳ ಕಡೆ ಹೋಗುವಾಗ ಬಿಸ್ಕೇ ಕೊಲ್ಲಿ ದಾಟಬೇಕು. ಅಟ್ಲಾಂಟಿಕ್ ಅಲೆಗಳು ಪಶ್ಚಿಮದಿಂದ ಬಂದು ಹಡಗಿನ ಪಕ್ಕೆಗೆ ಹೊಡೆಯುತ್ತವೆ. ಹಡಗಿನ ಎರಡೂ ಬದಿ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಅವು ಎಡ ಬಲದ ಓಲಾಟವನ್ನು ತಗ್ಗಿಸುತ್ತವೆ. ಮುಂದೆ ಹಿಂದೆ ಏಳುಬೀಳು ಆಗುವುದಕ್ಕೆ ಅವುಗಳಿಂದ ಏನೂ ಆಗದು. ಬಾಲ್‌ರೂಮ್ ನಡುಭಾಗದಲ್ಲಿ ಇರುವುದಕ್ಕೆ ಇದೂ ಒಂದು ಕಾರಣ, ಅಲ್ಲಿ ಅಲುಗಾಟ ಕಡಿಮೆ. ಆದರೂ ಆ ರಾತ್ರಿಗಳಲ್ಲಿ ನನ್ನ ಬಾಸ್ ಡ್ರಮ್ ಮೆಲ್ಲಗೆ ಮುಂದಕ್ಕೆ ಜರುಗುತ್ತದೆ. ಅಡಿಗೆ ರಬ್ಬರ್ ಚಾಪೆ ಹಾಸಿ ಪಟ್ಟಿ ಕಟ್ಟುತ್ತೇನೆ. ಸಿಂಬಲ್ ಸ್ಟ್ಯಾಂಡಿನ ಕಾಲುಗಳಿಗೆ ಟೇಪ್ ಹಾಕುತ್ತೇನೆ. ವಿಯೆನ್ನೀಸ್ ವಾಲ್ಟ್ಜ್ ಆ ದಿನ ಬೇಡವೇ ಬೇಡ. ನಿಮಿಷಕ್ಕೆ 60 ಬಾರ್ ವೇಗದಲ್ಲಿ ಗಿರಗಿರ ತಿರುಗುವಾಗ ನೆಲವೂ ವಾಲಿದರೆ ಯಾರಿಗೂ ನಿಲ್ಲಲು ಆಗದು. ರುಂಬಾ ಒಳ್ಳೆಯದು. ನಿಂತಲ್ಲೇ ಸೊಂಟ ಆಡಿಸಬಹುದು, ಕೈ ಬಿಡಬೇಕಿಲ್ಲ. ನಿಧಾನದ ಫಾಕ್ಸ್‌ಟ್ರಾಟ್ ಕೂಡ ಆಗುತ್ತದೆ. ಅಲೆಯ ಲಯ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬರುತ್ತಿದ್ದರೆ, ಹಳಬರು ಅದಕ್ಕೆ ಹೊಂದಿಕೊಂಡು ಇಳಿಜಾರಿನ ಕಡೆಗೆ ಉದ್ದ ಹೆಜ್ಜೆ, ಏರಿನ ಕಡೆಗೆ ಗಿಡ್ಡ ಹೆಜ್ಜೆ ಹಾಕುವುದನ್ನು ನೋಡಿದ್ದೇನೆ. ಅಂಥ ಚೆಂದದ ನೃತ್ಯ ನಾನು ಬೇರೆಲ್ಲೂ ಕಂಡಿಲ್ಲ.

ಬಂದರು ಬಿಡುವಾಗ ಹಿಂಭಾಗದ ತೆರೆದ ಡೆಕ್ಕಿನಲ್ಲಿ ಬಾರಿಸುತ್ತೇವೆ. ಗಾಳಿಗೆ ನೊಟೇಶನ್ ಹಾಳೆ ಹಾರದ ಹಾಗೆ ಬಟ್ಟೆ ಕ್ಲಿಪ್ಪು ಬೇಕು. ಲಿಸ್ಬನ್‌ನಿಂದ ಹೊರಡುವಾಗ ಹಡಗು ಟೇಗಸ್ ನದಿಯ ಮೇಲಿನ ದೊಡ್ಡ ಕೆಂಪು ಸೇತುವೆಯ ಕೆಳಗೆ ಹಾದುಹೋಗುತ್ತದೆ. ಸೇತುವೆಯ ದಾರಿಯ ಒಂದು ಭಾಗ ಲೋಹದ ಜಾಲರಿ. ಕಾರುಗಳು ಅದರ ಮೇಲೆ ಓಡುವಾಗ ತಂಬೂರಿಯ ಹಾಗೆ ಎಡೆಬಿಡದ ಒಂದು ಗುಂಯ್ ಸದ್ದು ಮೇಲಿನಿಂದ ಇಳಿಯುತ್ತದೆ. ಮೊದಲ ಸಲ ನಮ್ಮ ಹಾಡಿಗೂ ಅದಕ್ಕೂ ಜಗಳ ಆಯಿತು. ಮುಂದಿನ ಸಲದಿಂದ ಬ್ಯಾಂಡ್ ಲೀಡರ್ ಆ ಒಂದು ನಿಮಿಷ ಎಲ್ಲರನ್ನೂ ನಿಲ್ಲಿಸಿಬಿಡುತ್ತಿದ್ದರು. ಡೆಕ್ಕಿನ ಜನರೆಲ್ಲ ಗ್ಲಾಸು ಹಿಡಿದು ಮೇಲೆ ನೋಡುತ್ತಾ ಸುಮ್ನೆ ನಿಲ್ಲುತ್ತಿದ್ದರು. ಸೇತುವೆ ದಾಟಿದ ಮೇಲೆ ನಾನು ಕೋಲು ಬಡಿದು ನಾಲ್ಕು ಎಣಿಸಿದರೆ ಕೂಡಲೇ ಕುಣಿತ.

ನಾರ್ವೆ ಮಾತ್ರ ನಮಗೆ ಕಷ್ಟ. ಜೂನ್ ಕೊನೆಯ ಹೊತ್ತಿಗೆ ಸುಮಾರು 66.5 ಡಿಗ್ರಿ ಅಕ್ಷಾಂಶ ದಾಟಿ ಉತ್ತರಕ್ಕೆ ಹೋದರೆ ಸೂರ್ಯ ಮುಳುಗುವುದೇ ಇಲ್ಲ. ಹನ್ನೊಂದು ಗಂಟೆಗೆ ಹಗಲಿನ ಬೆಳಕು. ಜನ ಕ್ಯಾಮೆರಾ ಹಿಡಿದು ಹೊರಗೆ ಹೋಗುತ್ತಾರೆ, ಫ್ಲೋರ್ ಖಾಲಿ. ಅವರದು ತಪ್ಪಲ್ಲ. ಆ ಬೆಟ್ಟ, ಆ ನೀರು ಬಿಟ್ಟು ಒಳಗೆ ಕೂರಲು ನನಗೂ ಮನಸ್ಸಿರಲಿಲ್ಲ. ಕಿಟಕಿ ಪರದೆ ಎಳೆದು, ದೀಪ ಇಳಿಸಿ ರಾತ್ರಿಯ ವಾತಾವರಣ ಮಾಡಿದ್ದು ಸ್ವಲ್ಪ ಕೆಲಸಕ್ಕೆ ಬಂತು.

ಹದಿನಾಲ್ಕು ರಾತ್ರಿ ಅದೇ ಜನ ಎದುರಿಗೆ ಇರುವುದರಿಂದ ಹಾಡು ಮರುಕಳಿಸಬಾರದು. ಅದಕ್ಕೆ ನಾನೊಂದು ನೋಟ್‌ಬುಕ್ ಇಟ್ಟೆ. ಹಾಡು, ವೇಗ, ಎಷ್ಟು ಜೋಡಿ ಫ್ಲೋರಿಗೆ ಬಂದರು, ಸಮುದ್ರ ಹೇಗಿತ್ತು. ನಾಲ್ಕೇ ಕಲಂ. ಎರಡನೇ ಕಾಂಟ್ರಾಕ್ಟಿನ ಹೊತ್ತಿಗೆ ಬ್ಯಾಂಡ್ ಲೀಡರ್ ಅದನ್ನು ನೋಡಿಯೇ ಸಂಜೆಯ ಪಟ್ಟಿ ಮಾಡುತ್ತಿದ್ದರು.

ಹಡಗಿನ ಬ್ಯಾಂಡಿಗೆ ಹೋಗಬೇಕು ಅನ್ನುವ ಹುಡುಗರಿಗೆ ಎರಡು ಮಾತು. ನೊಟೇಶನ್ ನೋಡಿದ ಕೂಡಲೇ ನುಡಿಸಲು ಬರಬೇಕು, ಕಿವಿ ಒಂದೇ ಸಾಲದು. ಸಂಗೀತಗಾರನಾದರೂ ನೀವು ಹಡಗಿನ ಸಿಬ್ಬಂದಿಯೇ. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇವುಗಳ ಎಸ್‌ಟಿಸಿಡಬ್ಲ್ಯು ತರಬೇತಿ (ನಾವಿಕರಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ತರಬೇತಿ) ಬೇಕು, ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ ಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು. ಪ್ರತಿ ಪ್ರಯಾಣದ ಶುರುವಿನಲ್ಲಿ ಡ್ರಿಲ್ ಇರುತ್ತದೆ. ಏಳು ಗಿಡ್ಡ ಸೀಟಿ, ಒಂದು ಉದ್ದ. ಆ ಲಯ ಕೇಳಿದಾಗಲೆಲ್ಲ 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿದ ಎಂಟು ಜನ ಸಂಗೀತಗಾರರು ನನಗೆ ನೆನಪಾಗುತ್ತಾರೆ. ಒಬ್ಬರೂ ಉಳಿಯಲಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ನಾನು ಯಾವತ್ತೂ ಕಾಟಾಚಾರಕ್ಕೆ ಕಟ್ಟಿಲ್ಲ.

ಡ್ರಿಲ್ ಮುಗಿದು, ಹಡಗು ಸೌತಾಂಪ್ಟನ್ ಬಿಟ್ಟು, ಮೊದಲ ರಾತ್ರಿ ಊಟ ಆದ ಮೇಲೆ ಬಾಲ್‌ರೂಮ್ ತೆರೆಯುತ್ತದೆ. ಆಗ ಜನಕ್ಕೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಎಲ್ಲರೂ ಗೋಡೆ ಬದಿಯ ಕುರ್ಚಿ ಹುಡುಕುತ್ತಾರೆ. ನಾವು ಫಾಕ್ಸ್‌ಟ್ರಾಟಿನಿಂದ ಶುರು ಮಾಡುತ್ತೇವೆ, 28ರಲ್ಲಿ. ನಡೆಯಲು ಬರುವವರಿಗೆಲ್ಲ ಅದಕ್ಕೆ ಹೆಜ್ಜೆ ಹಾಕಲು ಬರುತ್ತದೆ. ನಾನು ಬ್ರಷ್ ಹಿಡಿದು ಮೆತ್ತಗೆ ಬಾರಿಸುತ್ತಾ ಬಾಗಿಲ ಕಡೆ ನೋಡುತ್ತೇನೆ, ಪುಟ್ಟ ಬಟ್ಟೆಚೀಲ ಹಿಡಿದವರು ಯಾರಾದರೂ ಬರುತ್ತಿದ್ದಾರಾ ಅಂತ.